ಜಲಗಾರರ ಮನೆ

ಇಳಕಲ್ಲಿನ ಅಕ್ಕಸಾಲಿಗರ ಓಣಿಯಾದ ಪತ್ತಾರ ಓಣಿಯಲ್ಲಿ ನಿಂತು ಜಾಫರಸಾಬರ ಮನೆ ಎಲ್ಲಿ ಎಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಜಲಗಾರರ ಮನೆ ಎಂದು ಕೇಳಿ ನೋಡಿ, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಡದೆಯೇ ತೋರಿಸುತ್ತಾರೆ. ಇಪ್ಪತ್ತೇಳು ವರ್ಷದ ಹಿಂದೆ ಬೇವೂರಿನಿಂದ ಸೊಸೆಯಾಗಿ ಬಂದ ಆರಿಫಾಳ ದಿಬ್ಬಣದ ಟೆಂಪೋ ಕೂಡ ಹಾಗೆಯೇ ದಾರಿ ಕೇಳಿಕೊಂಡು ಬಂದಿತ್ತು. ಊರಿಗೆಲ್ಲ ಗೊತ್ತಿರುವ ಆ ಹೆಸರೇ ಒಂದು ದಿನ ತನ್ನ ಮನೆಯ ಊಟ ಕೆಡಿಸುತ್ತದೆಂದು ಆಕೆ ಎಣಿಸಿರಲಿಲ್ಲ.

ಅದು ಶುಕ್ರವಾರದ ಊಟ. ಖಿಚಡಿ, ಹುಣಸೆಹುಳಿಯ ಖಟ್ಟಾ, ಮೇಲೆ ಸುಟ್ಟ ಹಪ್ಪಳ. ಮಗ ನವೀದ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಹಿಡಿದಿದ್ದ. ಬಣ್ಣ ಹೊಡೆದದ್ದಾಗಿತ್ತು, ಕಪಾಟು ಬಂದಿತ್ತು, ಬೋರ್ಡೊಂದು ಬಾಕಿ.

"ಬೋರ್ಡ್ ಬರಿಯೋ ಪ್ರವೀಣಕುಮಾರ ಏನ ಹೆಸರು ಹಾಕಲಿ ಅಂತ ಕೇಳಾಕತ್ತಾನ" ಎಂದ ನವೀದ.

"ಅದರಾಗ ಕೇಳೋದೇನೈತಿ?" ಅಜ್ಜಿ ಮಾಸುಮಬಿ ಹಪ್ಪಳ ಮುರಿಯುತ್ತ ಹೇಳಿದಳು. "ಜಲಗಾರ ಮೊಬೈಲ್ ಅಂತ ಹಾಕ್ಸು. ಪುಕ್ಕಟೆ ಪ್ರಚಾರ."

"ಅದು ಬ್ಯಾಡ ದಾದಿ. ನವೀದ ಮೊಬೈಲ್ಸ್ ಅಂದ್ರ ಸಾಕು. ಆಧಾರನ್ಯಾಗೂ ಆ ಅಡ್ಡಹೆಸರು ತಗಸಾಂವ ಅದೇನಿ. ಇಳಕಲ್ಲ ಅಂತ ಹಾಕಸ್ತೇನಿ."

ಜಾಫರಸಾಬರು ತುತ್ತನ್ನು ತಾಟಿನಲ್ಲೇ ಬಿಟ್ಟು ಮೊಮ್ಮಗನ ಮುಖ ನೋಡಿದರು. ಎಪ್ಪತ್ತಾರರ ಮುದುಕ, ಕಣ್ಣು ಮಾತ್ರ ಇನ್ನೂ ಚುರುಕು. "ಯಾಕಪಾ, ಆ ಹೆಸರು ನಿನಗೇನ ಮಾಡೇತಿ?"

"ಬಾಗಲಕೋಟಿ ಕಾಲೇಜಿನ್ಯಾಗ ಮೂರು ವರ್ಷ ದಿನಾ ಹಾಜರಿ ಕೂಗಿದಾಗ ಹುಡುಗೂರು ನಗತಿದ್ರು ದಾದಾ. ಜಲಗಾರ ಬಂದಾನ, ಕಸಬರಗಿ ಎಲ್ಲೈತಿ ನೋಡ್ರಿ ಅಂತ. ಪ್ಯಾಟ್ಯಾಗ ಜಲಗಾರ ಅಂದ್ರ ಕಸಾ ಹೊಡಿಯಾಂವ ಅಂತಽ ತಿಳ್ಕೊಂತಾರ. ಮತ್ತ ನೀವೂ ಮುಂಜಾನೆದ್ದು ಕಸಬರಗಿ ಹಿಡ್ಕೊಂಡು ಪತ್ತಾರ ಓಣಿಗೆ ಹೋಗ್ತೀರಿ. ಯಾರಿಗಂತ ಬಿಡಿಸಿ ಹೇಳ್ಲಿ?"

"ಬಾಯಿ ಮುಚ್ಚು" ಎಂದಳು ಆರಿಫಾ.

"ಅಂವಾ ಅಂದದ್ದರಾಗ ತಪ್ಪೇನೈತಿ?" ಎಂದ ಗಂಡ ಫಾರೂಕ. ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತ ಆತ. ಮನೆಯಲ್ಲಿ ಮಾತು ಕಡಿಮೆ. ಅಂದು ತಲೆ ಎತ್ತದೆ, ಖಿಚಡಿಯಲ್ಲಿ ಬೆರಳಾಡಿಸುತ್ತ ಹೇಳಿದ: "ನೌಕರಿ ಸೇರಿದ ಮೊದಲನೇ ದಿನ. ಕಾಗದ ಕೈಯಾಗ ಹಿಡಕೊಂಡು ನಿಂತಿದ್ದೆ. ಸಾಹೇಬ್ರು ಹೆಸರು ಓದಿದ್ರು. ಓ, ಜಲಗಾರ ಬಂದ್ಯಾ, ಮೊದಲ ಆ ಖೋಲಿ ಕಸಾ ಹೊಡಿ ಅಂದ್ರು."

"ನೀ ಏನಂದಿ?" ಮಾಸುಮಬಿ ಕೇಳಿದಳು.

"ಏನಂತೇನಿ? ಹೊಡದೆ. ಇಪ್ಪತ್ತೆರಡು ವರ್ಷ ಆತು, ಇವತ್ತಽ ಬಾಯಿ ಬಿಟ್ಟೇನಿ."

ಆರಿಫಾ ಗಂಡನ ಕಡೆ ತಿರುಗಿದಳು. ಮಗ್ಗುಲಲ್ಲಿ ಮಲಗುವ ಗಂಡಸು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಬಸ್ಸು ಹತ್ತಿದ್ದಾನೆ, ಇಳಿದಿದ್ದಾನೆ, ತಾನು ಕಟ್ಟಿಕೊಟ್ಟ ಬುತ್ತಿ ಉಂಡಿದ್ದಾನೆ.

ಜಾಫರಸಾಬರು ತಾಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ಕಸಾ ಹೊಡಿಯವ್ರು ಕಡಿಮಿ ಮಂದಿ ಅಂತ ನಿಮಗ ಯಾರು ಹೇಳಿಕೊಟ್ರೋ? ಅವ್ರು ಎಂಟು ದಿನ ಕೈ ಕಟ್ಟಿದ್ರ ಈ ಊರಾಗ ಮೂಗು ಬಿಡಂಗಿಲ್ಲ. ಅವ್ರ ಕೆಲಸ ಅವ್ರದು. ನಮ್ಮ ಕೆಲಸ ಬ್ಯಾರೆ ಇತ್ತು. ಆ ಹೆಸರು ಎಲ್ಲಿಂದ ಬಂತು ನಿಮಗ ಗೊತ್ತಿಲ್ಲ ಅಂದ್ರ ತಪ್ಪು ನಂದು, ನಾ ಹೇಳಿಲ್ಲ." ಇಷ್ಟು ಹೇಳಿ ಕೈ ತೊಳೆದು ಎದ್ದರು.

ಮರುದಿನ ಅವರು ಪತ್ತಾರ ಓಣಿಗೆ ಹೋಗಲಿಲ್ಲ. ಈಚಲ ಗರಿಯ ಸಣ್ಣ ಕಸಬರಿಗೆ ಮೊಳೆಗೆ ತೂಗಿಬಿತ್ತು. ಮಣ್ಣು ತೊಳೆಯುವ, ತಟ್ಟೆಯಂಥ ಅಗಲದ ಕಟ್ಟಿಗೆಯ ಮರಿಗೆಯನ್ನು ಹಿತ್ತಲ ಗೋಡೆಗೆ ಮಗುಚಿ ಇಟ್ಟರು. ಊಟಕ್ಕೆ ಕರೆದರೆ, "ಇಲ್ಲೇ ಕಳಸವ್ವಾ, ಹಿತ್ತಲದಾಗ ಗಾಳಿ ಛಲೋ ಬರತೈತಿ" ಎಂದರು. ಹಿತ್ತಲಲ್ಲಿ ಗಾಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ, ಸೊಳ್ಳೆ ಮಾತ್ರ ಬೇಕಾದಷ್ಟಿದ್ದವು.

ಒಂದು ವಾರ ಹೋಯಿತು, ಎರಡಾಯಿತು. ಊಟಕ್ಕೆ ಹಾಸುವ ದಸ್ತರಖಾನದ ಮೇಲೆ ನಾಲ್ಕು ತಾಟು. ಐದನೆಯದನ್ನು ಆರಿಫಾ ಹಿತ್ತಲಿಗೆ ಒಯ್ಯುತ್ತಿದ್ದಳು. ಎಣಗಾಯಿ ಮಾಡಿದ ದಿನವೂ ಮಾವ ಒಳಗೆ ಬರಲಿಲ್ಲ. ಆಗ ಆಕೆಗೆ ಖಚಿತವಾಯಿತು, ಇದು ಮುನಿಸಲ್ಲ. ಮುನಿಸಾಗಿದ್ದರೆ ಬದನೆಕಾಯಿಗೆ ಕರಗುತ್ತಿತ್ತು. ಆ ಐದನೇ ತಾಟು ಮತ್ತೆ ಒಳಗೆ ಬರುವವರೆಗೆ ತನ್ನ ಮನೆ ಮನೆಯಲ್ಲ ಎಂದು ಆಕೆಗೆ ಅನಿಸತೊಡಗಿತು. ಗಂಡನಿಗೆ ಹೇಳಿದರೆ, "ತಾವಽ ಬರ್ತಾರ ಬಿಡು" ಎಂದ. ಮಗನಿಗೆ ಹೇಳಿದರೆ, "ನಾ ಏನ ಅಂದೇನಿ ಅಂಥಾದ್ದು?" ಎಂದ. ಅತ್ತೆಗೆ ಹೇಳಿದರೆ, "ಮೂರೂ ಮಂದಿ ಒಂದಽ ಕಲ್ಲಾಗ ಕಡದಾರ" ಎಂದು ಬೈದಳು.

ಬೋರ್ಡು ಏರಿತು. 'ನವೀದ ಮೊಬೈಲ್ಸ್', ನೀಲಿ ಮೇಲೆ ಬಿಳಿ. ಆಧಾರದ ಅರ್ಜಿ ಮಾತ್ರ ನಾಳೆ ನಾಡಿದ್ದು ಎಂದು ಕಪಾಟಿನಲ್ಲೇ ಉಳಿದಿತ್ತು.

ಇತ್ತ ಮುದುಕ ಬಾರದಿದ್ದರೂ ಪತ್ತಾರ ಓಣಿಯ ಯುವರಾಜ ಪತ್ತಾರ ರೂಢಿ ಬಿಡಲಿಲ್ಲ. ತನ್ನ ಅಂಗಡಿಯ ಕಸವನ್ನು ವಾರಕ್ಕೊಮ್ಮೆ ಚೀಲದಲ್ಲಿ ತುಂಬಿ, ಪಾಲಿಶ್ ಕೆಲಸದ ಜಯಶ್ರೀಯ ಕೈಯಲ್ಲಿ ಕಳಿಸುತ್ತಿದ್ದ. "ಇದನ್ನ ಯಾರಿಗೂ ಕೊಡಂಗಿಲ್ರಿ, ಜಲಗಾರರ ಮನಿಗೇ ಅಂತ ಹೇಳ್ಯಾರ" ಎನ್ನುತ್ತ ಆ ಹುಡುಗಿ ಚೀಲ ಇಳಿಸಿ, ಆರಿಫಾ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದಳು. ಜಾಫರಸಾಬರು ಚೀಲವನ್ನು ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ.

ಮೂರನೇ ವಾರಕ್ಕೆ ನವೀದನ ಅಂಗಡಿಯ ಪೆಟ್ಟಿಗೆಗಳು ಹಿತ್ತಲಿಗೆ ಬಂದವು. ಜಾಗವಿಲ್ಲ. "ಆ ಮಣ್ಣಿನ ಚೀಲಾ ಎಲ್ಲರೆ ಸುರುವಿಬಿಡು" ಎಂದ ಫಾರೂಕ. ಮಾವ ನಮಾಜಿಗೆ ಹೋಗಿದ್ದರು. ನೀರಿನ ಟಾಕಿಯ ಬದಿಗೆ ಮಳೆನೀರು ನಿಲ್ಲುವ ತಗ್ಗೊಂದಿತ್ತು. ಮಾವ ಇನ್ನು ಮಣ್ಣು ಮುಟ್ಟುವುದಿಲ್ಲವೆಂದುಕೊಂಡು ಆರಿಫಾ ಮೂರೂ ಚೀಲ ಅದಕ್ಕೆ ಸುರಿದು, ಕಾಲಿನಿಂದ ತುಳಿದು ಸಮ ಮಾಡಿದಳು. ಬೇರೆ ಯಾರ ಮನೆಯಲ್ಲೇ ಆಗಲಿ ಅದು ಅಚ್ಚುಕಟ್ಟು ಕೆಲಸ. ಜಲಗಾರರ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅದು ಆಕೆಗೆ ಗೊತ್ತಾದದ್ದು ಮರುದಿನ.

ಅಂದು ಅನ್ನಕ್ಕೆ ಅಕ್ಕಿ ಹಾಕಿಕೊಂಡು ಟಾಕಿಯ ಹತ್ತಿರ ಜಾಲಿಸುತ್ತ ಕೂತಿದ್ದಳು. ರೇಷನ್ ಅಕ್ಕಿ, ಕಲ್ಲು ಜಾಸ್ತಿ. ಒಂದು ಬೋಗುಣಿಯಿಂದ ಇನ್ನೊಂದಕ್ಕೆ ನೀರಿನ ಜೊತೆ ಅಕ್ಕಿಯನ್ನು ಮೆಲ್ಲಗೆ ಬಾಗಿಸುತ್ತಿದ್ದಳು. ಹೊರಸಿನ ಮೇಲೆ ಕೂತಿದ್ದ ಮಾವ ನೋಡುತ್ತಿದ್ದರು.

"ಆರಿಫಾ, ನಿನಗ ಯಾರು ಕಲಿಸಿದ್ರು ಇದನ್ನ?"

"ನಮ್ಮವ್ವರಿ. ಇದೇನ ದೊಡ್ಡ ವಿದ್ಯಾ?"

"ದೊಡ್ಡ ವಿದ್ಯಾನ. ಇದಽ ನಮ್ಮ ಕಸಬು" ಎಂದರು ಮುದುಕರು. ಅಂದು ಅವರ ಬಾಯಿ ತಾನಾಗಿ ಬಿಚ್ಚಿತು. "ನಮ್ಮ ಮುತ್ತ್ಯಾನ ಮುತ್ತ್ಯಾ ಪತ್ತಾರ ಓಣಿ ಕಂಡಾಂವಲ್ಲ. ಅವ್ರು ಗುಡ್ಡದ ಹಳ್ಳದ ಗುಂಟ ತಿರಗವ್ರು. ಮಳಿ ಆಗಿ ಹಳ್ಳ ಹರದು ನಿಂತ ಮ್ಯಾಲೆ, ತಿರುವಿನ್ಯಾಗ ನಿಂತ ಕರೆ ಉಸುಕು ಮರಿಗ್ಯಾಗ ತುಂಬಿ ಜಾಲಿಸೋದು. ಮುಂಜಾನಿಂದ ಸಂಜೀತನಕ ನೀರಾಗ ಕುಂತ್ರ ಒಂದು ಗುಲಗಂಜಿ ತೂಕ ಬಂಗಾರ. ಸಿಕ್ರ ಸಿಕ್ತು. ನೆಲದಾಗಿನ ಬಂಗಾರ ತೆಗಿಯವ್ರಿಗೆ ಜಲಗಾರರು ಅಂತಿದ್ರು. ಊರ ಗೌಡಾನೂ ಬಾ ಜಲಗಾರ ಅಂತ ಕರದು ಕುಂದ್ರಸತಿದ್ದ. ಆಮ್ಯಾಲೆ ಹಳ್ಳದಾಗಿಂದು ಹೊಟ್ಟಿಗೆ ಸಾಲದಂಗಾತು. ಪತ್ತಾರರ ಅಂಗಡಿ ಮುಂದ ಬಂಗಾರಕ್ಕ ಅರ ಉಜ್ಜಿದ ಪುಡಿ ಬಿದ್ದಿರತೈತಿ ನೋಡು, ಅದನ್ನ ಹೊಡಕೊಂಡು ತಂದು ಜಾಲಿಸಾಕ ಹತ್ತಿದ್ರು. ಕೈಯಾಗ ಕಸಬರಗಿ ಬಂತು. ಮಂದಿ ಕಸಬರಗಿ ನೋಡಿದ್ರು, ಮರಿಗಿ ನೋಡಲಿಲ್ಲ."

"ಇದನ್ನ ನವೀದಗ ಹೇಳ್ರಿ ಅಬ್ಬಾ."

"ಕೇಳಿದ್ರ ಹೇಳ್ತೇನಿ. ಕೇಳಲಾರದವರಿಗೆ ಹೇಳಿದ್ರ ಅದು ಜಗಳ ಆಕ್ಕೈತಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಮಾತು ಸೇರಿಸಿದರು. "ನಮ್ಮದೊಂದು ಕಟ್ಟು ಐತಿ. ಕಸದಾಗ ಸಿಕ್ಕ ಪುಡಿ ನಮ್ಮದು. ಆಕಾರ ಇದ್ದ ವಸ್ತು ಏನಽ ಸಿಗಲಿ, ಮೂಗಬಟ್ಟಿರಲಿ, ಗುಂಡಿರಲಿ, ಅದು ಯಾರದೈತಿ ಅವರದು. ಅವತ್ತಽ ಮುಟ್ಟಸಬೇಕು. ಅದಕ್ಕಽ ಪತ್ತಾರರು ನಮ್ಮನ್ನ ಬಿಟ್ರ ಯಾರಿಗೂ ಕಸಾ ಕೊಡಂಗಿಲ್ಲ." ಹೇಳುತ್ತ ಅವರ ಕಣ್ಣು ಚೀಲಗಳಿದ್ದ ಮೂಲೆಗೆ ಹೋಯಿತು. "ಚೀಲ ಎಲ್ಲಿ ಆರಿಫಾ?"

ಆಕೆ ಬೋಗುಣಿ ಕೆಳಗಿಟ್ಟು ತಗ್ಗಿನ ಕಡೆ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಮುಂಬಾಗಿಲಲ್ಲಿ ಗದ್ದಲ.

ಬಂದವರು ಮೂವರು. ಮುಂದೆ ಸಕ್ರವ್ವ, ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಅರವತ್ತರ ಹೆಂಗಸು, ಕಂಠ ಮಾತ್ರ ಓಣಿಗೆಲ್ಲ ಸಾಲುವಂಥದು. ಹಿಂದೆ ಬೆವರು ಒರೆಸಿಕೊಳ್ಳುತ್ತ ಯುವರಾಜ ಪತ್ತಾರ. ಅವನ ಹಿಂದೆ ಅತ್ತು ಅತ್ತು ಮುಖ ಬಾತ ಜಯಶ್ರೀ.

"ನಮ್ಮವ್ವನ ಬೋರಮಾಳ ಐತ್ರಿ" ಎಂದಳು ಸಕ್ರವ್ವ. "ದಾರ ಹರದಿತ್ತು, ಪೋಣಿಸಾಕ ಕೊಟ್ಟಿದ್ದೆ. ಮೂವತ್ತೊಂದು ಗುಂಡು ಕೊಟ್ಟೇನಿ, ಇಂವ ಮೂವತ್ತು ಕೊಟ್ಟಾನ. ಈಕೀನಽ ಮುಂದ ಕುಂತಿದ್ಲು."

"ನಾ ಮುಟ್ಟಿಲ್ರಿ ಅಜ್ಜಾರ" ಎಂದಳು ಜಯಶ್ರೀ. "ನಮ್ಮಪ್ಪಗ ಗೊತ್ತಾದ್ರ ನಾಳಿಂದ ಕೆಲಸಕ್ಕ ಕಳಸಂಗಿಲ್ಲ. ಕೆಲಸದ್ದಿರಲಿ, ಕಳ್ಳಿ ಅಂತ ಹೆಸರು ಬಂದ್ರ ನಾ ಎಲ್ಲಿ ಮಾರಿ ತೋರಸ್ಲಿ?"

ಯುವರಾಜ ಕೈ ಮುಗಿದ. "ಮಾಲಿ ಬಿಚ್ಚಿದ ದಿನದ ಕಸಾ ನಿಮ್ಮನಿಗೆ ಬಂದೈತ್ರಿ. ಗುಂಡು ಉರುಳಿದ್ರ ಅದರಾಗ ಇರಬೇಕು. ನೀವು ನೋಡಿ ಇಲ್ಲ ಅಂದ್ರ ಇಲ್ಲ. ನಿಮ್ಮ ಮಾತಿನ ಮ್ಯಾಲೆ ನಾ ಮತ್ತ ಮಾತಾಡಂಗಿಲ್ಲ."

ಆರಿಫಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಸುಳ್ಳು ಹೇಳಬಹುದಿತ್ತು. ಆ ಹುಡುಗಿಯ ಮುಖ ನೋಡಿ ಆಗಲಿಲ್ಲ. "ನಾ ಸುರುವೀನ್ರಿ" ಎಂದಳು. "ಮೂರೂ ಚೀಲ. ಅಲ್ಲಿ, ಆ ತಗ್ಗಿನ್ಯಾಗ. ತುಳದು ಸಮ ಮಾಡೇನಿ."

ಮಾವ ಬೈಯುತ್ತಾರೆಂದು ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ. ಎದ್ದು ಹೋಗಿ ಮರಿಗೆಯನ್ನು ಎತ್ತಿಕೊಂಡು ಬಂದರು. "ಹರದು ಹೋಗಿಲ್ಲಲ್ಲ, ಇಲ್ಲೇ ಐತಿ. ಫಾರೂಕಗ ಫೋನ್ ಹಚ್ಚು. ನವೀದಗೂ ಹಚ್ಚು. ನನ್ನೊಬ್ಬನ ಕೈಲೆ ಇಷ್ಟು ಮಣ್ಣು ಆಗಂಗಿಲ್ಲ."

ರವಿವಾರ, ಗಂಡ ಊರಲ್ಲೇ ಇದ್ದ. ಬಂದು ವಿಷಯ ಕೇಳಿದ. ಸುರುವೆಂದವನು ತಾನೇ ಎಂಬುದು ನೆನಪಾಗಿರಬೇಕು, ಪ್ಯಾಂಟು ಮಡಚಿ ಸನಿಕೆ ಹಿಡಿದ. ನವೀದ ಅಂಗಡಿಯ ಶಟರ್ ಎಳೆದು, ಮೊಬೈಲಿನ ಸಣ್ಣ ಬಿಡಿಭಾಗ ನೋಡುವ ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಮಾಸುಮಬಿ ಸಕ್ರವ್ವನನ್ನು ಕಟ್ಟೆಯ ಮೇಲೆ ಕೂರಿಸಿ, "ಒದರಿ ಗಂಟಲಾ ಒಣಗೇತಿ, ತಗೋ" ಎಂದು ಚಹಾ ಕೊಟ್ಟಳು.

ತಗ್ಗಿನ ಮಣ್ಣು ಬಕೆಟ್ಟಿಗೆ ಬಂತು, ಬಕೆಟ್ಟಿನಿಂದ ಮರಿಗೆಗೆ. ಫಾರೂಕ ನೀರು ಹಾಕಿ ನಾದಿ ಮರಿಗೆಯನ್ನು ತೂಗಿದ. ಹದಿನಾರನೇ ವಯಸ್ಸಿಗೆ ಬಿಟ್ಟ ಕೆಲಸ, ಕೈ ಮರೆತಿರಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಆಮೇಲೆ ತನ್ನ ಕಡೆಗೆ ಒಂದು ಸಣ್ಣ ಎಳೆತ. ರಾಡಿ ತುದಿಯಿಂದ ಹರಿದು ಹೋಯಿತು, ತಳದಲ್ಲಿ ಕರಿ ಮಣ್ಣು, ಅದರ ಅಂಚಿಗೆ ಸೂಜಿಮೊನೆಯಷ್ಟು ಹಳದಿ. ಮರಿಗೆಯ ಹತ್ತಿರ ಎಂದೂ ಕೂರದ ನವೀದ ಭೂತಗನ್ನಡಿ ಹಿಡಿದು ಬಗ್ಗಿದವನು ಹಾಗೆಯೇ ನಿಂತ.

"ದಾದಾ, ಇದು ಖರೆ ಬಂಗಾರ?"

"ಮತ್ತೇನ, ಅರಿಷಿಣ ಪುಡಿ?"

ಎರಡು ಮರಿಗೆ ಆಯಿತು, ಐದು ಆಯಿತು. ಪುಡಿ ಸಿಕ್ಕಿತು, ಗುಂಡು ಸಿಗಲಿಲ್ಲ. ಯುವರಾಜನೇ ಹಣೆ ಚಚ್ಚಿಕೊಂಡ. "ಬೋರಮಾಳದ ಗುಂಡು ಅಂದ್ರ ಮ್ಯಾಲೆ ತಗಡು, ಒಳಗೆಲ್ಲಾ ಅರಗು. ಭಾರ ಇರಂಗಿಲ್ರಿ. ತಳಕ್ಕ ಕುಂದ್ರಂಗಿಲ್ಲ. ರಾಡಿ ಸಂಗಾಟ ಹರದು ಹೋಗಿದ್ರ..."

ಎಲ್ಲರ ಕಣ್ಣೂ ಮೋರಿಯ ಕಡೆಗೆ ಹೋದವು. ಜಯಶ್ರೀ ಮತ್ತೆ ಅಳತೊಡಗಿದಳು.

"ನಿಂದ್ರಸ್ರಿ" ಎಂದಳು ಆರಿಫಾ. ಆಕೆಗೆ ಹೊಳೆದದ್ದು ಅಡುಗೆಮನೆಯ ಮಾತು. ಇವರೆಲ್ಲ ತಳ ನೋಡುವ ಮಂದಿ, ಬೇಕಾದದ್ದು ಕೆಳಗೆ ಉಳಿಯುತ್ತದೆ ಎಂದು ಕಲಿತವರು. ಅಕ್ಕಿ ಜಾಲಿಸುವವಳಿಗೆ ಉಳಿಯುವುದು ಕಲ್ಲು, ಬೇಕಾದದ್ದು ಹೊರಗೆ ಹೋಗುತ್ತದೆ. ಇಪ್ಪತ್ತೇಳು ವರ್ಷ ಆಕೆ ಕಣ್ಣಿಟ್ಟದ್ದು ತುದಿಯ ಮೇಲೆ.

"ಮೋರಿ ಬಾಯಿಗೆ ಅರಿವಿ ತುರುಕ್ರಿ. ಮರಿಗಿ ನನ್ನ ಕೈಯಾಗ ಕೊಡ್ರಿ."

ಫಾರೂಕ ತಂದೆಯ ಮುಖ ನೋಡಿದ. ಮರಿಗೆಯನ್ನು ಹೆಣ್ಣುಮಕ್ಕಳು ತೂಗಿದ್ದು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. "ಕೊಡು" ಎಂದರು ಜಾಫರಸಾಬರು.

ಆರಿಫಾ ಅಕ್ಕಿ ಬಾಗಿಸುವಂತೆಯೇ ಬಾಗಿಸಿದಳು. ಎಡ ಅಂಗೈಯನ್ನು ತುದಿಗೆ ಬೋಗುಣಿ ಮಾಡಿ, ರಾಡಿಯನ್ನು ಬೆರಳ ಸಂದಿಯಿಂದ ಸೋಸಿ ಬಿಟ್ಟಳು. ಹರಳು, ತಂತಿ ಚೂರು, ಬೀಡಿ ತುಂಡು, ಯಾರದೋ ಗುಂಡಿ. ಸೊಂಟ ಹಿಡಿಯಿತು. ಮಧ್ಯಾಹ್ನದ ಅನ್ನ ಒಲೆಯ ಮೇಲೇರಲೇ ಇಲ್ಲ. ಮಾಸುಮಬಿ ಎಲ್ಲರಿಗೂ ತಂಗಳ ರೊಟ್ಟಿಗೆ ಶೇಂಗಾ ಚಟ್ನಿ ಸುತ್ತಿ ಕೈಗೆ ಕೊಟ್ಟಳು. ಸಕ್ರವ್ವನೂ ಒಂದು ತಿಂದಳು. ತಿಂದ ಮೇಲೆ ಮೊದಲಿನಷ್ಟು ಒದರಲಿಲ್ಲ.

ಒಂಬತ್ತನೇ ಮರಿಗೆಯಲ್ಲಿ ಆರಿಫಾಳ ಅಂಗೈಗೆ ದುಂಡಗಿನದೊಂದು ತಾಗಿತು. ಕಲ್ಲಿನಷ್ಟು ತಂಪಿರಲಿಲ್ಲ. ಮುಷ್ಟಿ ಹಿಡಿದು ಬಕೆಟ್ಟಿನಲ್ಲಿ ಅದ್ದಿ ತೆಗೆದಳು. ಜೋಳದ ಅರಳಿಗಿಂತ ಸಣ್ಣದು, ಒಂದು ಬದಿ ನೆಗ್ಗಿತ್ತು, ಎರಡು ತೂತು.

ಸಕ್ರವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಎದ್ದು ಹೋಗಿ ಜಯಶ್ರೀಯ ಗದ್ದ ಹಿಡಿದಳು. "ನನ್ನ ನಾಲಿಗಿ ಸುಡ್ಲಿ. ತಪ್ಪಾತು ಮಗಳ." ಹುಡುಗಿ ಕಣ್ಣು ಒರೆಸಿಕೊಂಡಳು. ಬಂದು ಜಾಫರಸಾಬರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದು ಸೊಸೆಯ ಕಡೆ ಕೈ ಮಾಡಿದರು: "ಇವತ್ತಿನ ಜಲಗಾರಕಿ ಆಕಿ."

ಆರಿಫಾಳ ಕಣ್ಣು ತುಂಬಿ ಬಂತು. ಈ ಮನೆಗೆ ಬಂದ ಮೇಲೆ ಯಾರೂ ಆಕೆಗೆ ಅಷ್ಟು ದೊಡ್ಡ ಮಾತು ಅಂದಿರಲಿಲ್ಲ. ಬೈಯದೆ ಮರಿಗೆ ಕೈಗೆ ಕೊಟ್ಟ ಮಾವನಿಗೆ, ಅಕ್ಕಿ ಜಾಲಿಸಲು ಕಲಿಸಿ ಸತ್ತುಹೋದ ಬೇವೂರಿನ ಅವ್ವನಿಗೆ, ಕಲ್ಲು ಬೆರೆಸಿ ಕೊಟ್ಟ ರೇಷನ್ ಅಂಗಡಿಯವನಿಗೂ ಆಕೆ ಮನಸ್ಸಿನಲ್ಲೇ ಉಪಕಾರ ನೆನೆದಳು.

ಎಲ್ಲರೂ ಹೋದ ಮೇಲೆ ಫಾರೂಕ ತಂದೆಯ ಹತ್ತಿರ ಕೂತು ಕಾಲಿನ ರಾಡಿ ತೊಳೆಯುತ್ತ ಹೇಳಿದ: "ಅವತ್ತಽ ಹೇಳಬೇಕಿತ್ರಿ ನಿಮಗ, ಕಚೇರ್ಯಾಗಿನ ಮಾತು."

"ಹೇಳಬೇಕಿತ್ತು. ಕಸಾ ಹೊಡದದ್ದು ತಪ್ಪಲ್ಲ. ಇಪ್ಪತ್ತೆರಡು ವರ್ಷ ಒಬ್ಬನಽ ನುಂಗಿದ್ದು ತಪ್ಪು." ಮುದುಕರು ಮಗನ ಬೆನ್ನ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು.

ಆದರೂ ಅಂದು ಸಂಜೆ ಐದನೇ ತಾಟು ಹಿತ್ತಲಿಗೇ ಹೋಯಿತು. ಕರೆಯಬೇಕಾದವನು ಇನ್ನೂ ಕರೆದಿರಲಿಲ್ಲ. ನವೀದ ತಾಟಿನ ಮುಂದೆ ಕೂತು ಏನೋ ಹೇಳಲು ಹೋಗಿ ನೀರು ಕುಡಿದ. ಆರಿಫಾ ಹಳ್ಳದ ಬಂಗಾರದ ಮಾತನ್ನಷ್ಟೇ ಅವನಿಗೆ ಹೇಳಿದಳು, ಒತ್ತಾಯ ಮಾಡಲಿಲ್ಲ.

ನಾಲ್ಕು ದಿನ ಹೀಗೆಯೇ ಕಳೆದವು. ಜಾಫರಸಾಬರು ಮತ್ತೆ ಮುಂಜಾನೆ ಕಸಬರಿಗೆ ಹಿಡಿದು ಹೊರಟರು. ಗುರುವಾರ ಸಂಜೆ ಆರಿಫಾ ರೊಟ್ಟಿ ಬಡಿಯುತ್ತಿದ್ದಾಗ ನವೀದ ಬಂದ. ಕೈಯಲ್ಲಿ ಬಿಸ್ಕೀಟಿನ ಖಾಲಿ ಡಬ್ಬಿ. ಒಳಗೆ ಬಾರದೆ ಸೀದಾ ಹಿತ್ತಲಿಗೆ ನಡೆದ.

"ದಾದಾ, ಇದು ನಮ್ಮ ಅಂಗಡಿ ಕಸಾ" ಎಂದ. "ನಾನಽ ಹೊಡದೇನಿ. ಸಣ್ಣ ಸಣ್ಣ ಸ್ಕ್ರೂ ಬಿದ್ದಿರತಾವ, ಕಣ್ಣಿಗೆ ಕಾಣಂಗಿಲ್ಲ. ಹೊರಗ ಚೆಲ್ಲಾಕ ಮನಸಾಗಲಿಲ್ಲ. ನೀವು ನೋಡ್ತೀರೇನ?"

ಮುದುಕರು ಡಬ್ಬಿ ತೆಗೆದುಕೊಂಡರು. ಮರಿಗೆ ಬೇಕಾಗಲಿಲ್ಲ, ತಾಟಿನ ಮೇಲೆ ಸುರಿದು ಬೆರಳಿನಿಂದ ಹರಡಿದರು. ಎಂಟೋ ಹತ್ತೋ ಸ್ಕ್ರೂ, ಗಾಜಿನ ಚೂರು, ಕೂದಲು. ಆಮೇಲೆ ಉಗುರಿನಷ್ಟು ಅಗಲದ ಕರಿ ಬಿಲ್ಲೆಯೊಂದನ್ನು ಎತ್ತಿ ಹಿಡಿದರು.

"ಇದೇನು?"

ನವೀದನ ಮುಖ ಇಳಿಯಿತು. "ಮೆಮರಿ ಕಾರ್ಡ್ ರಿ. ಮೊನ್ನಿ ಬಾದಾಮಿ ಕಡೆ ಸಂಗಯ್ಯನವರು ಬಂದಿದ್ರು. ತೀರಿಕೊಂಡ ತಾಯಿ ಫೋಟೋ ಎಲ್ಲಾ ಇದರಾಗ ಅದಾವು ಅಂದಿದ್ರು. ಫೋನ್ ಬಿಚ್ಚಿದಾಗ ಎಲ್ಲೆ ಜಾರಿ ಬಿತ್ತು, ನಾ ನೋಡಽ ಇಲ್ಲ. ಕಾರ್ಡ್ ಇರಲಿಲ್ರಿ ಅಂತ ವಾದಾ ಮಾಡಿ ಕಳಸೇನಿ."

"ಆಕಾರ ಇದ್ದ ವಸ್ತು, ಯಾರದೈತಿ ಅವರದು" ಎಂದರು ಜಾಫರಸಾಬರು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

ನವೀದ ಫೋನು ತೆಗೆದ. ಆರಿಫಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಫಾರೂಕ ಪೇಪರು ಕೆಳಗಿಟ್ಟ. ಆ ಕಡೆ ಫೋನು ಎತ್ತಿದರು. ಯಾರು ಎಂದು ಕೇಳಿರಬೇಕು. ನವೀದ ಒಂದು ಗಳಿಗೆ ಅಜ್ಜನ ಕೈಯಲ್ಲಿದ್ದ ಆ ಕರಿ ಬಿಲ್ಲೆಯನ್ನು ನೋಡಿದ.

"ನಮಸ್ಕಾರ್ರಿ ಸಂಗಯ್ಯನವರ. ನಾನ್ರಿ, ಇಳಕಲ್ಲಿಂದ, ಜಲಗಾರ ನವೀದ. ತಪ್ಪು ನಂದಽ ಇತ್ರಿ. ನಿಮ್ಮ ತಾಯಾರ ಫೋಟೋ ಸಿಕ್ಕಾವು. ನೀವು ಬರಬ್ಯಾಡ್ರಿ, ಮುಂಜಾನೆ ಮೊದಲನೇ ಬಸ್ಸಿಗೆ ನಾನಽ ತಂದು ಮುಟ್ಟಸ್ತೇನಿ."

ಫೋನು ಇಟ್ಟು, ಹೊರಸಿನ ಮುಂದೆ ನೆಲಕ್ಕೆ ಕೂತ. "ದಾದಾ, ಒಳಗ ಬರ್ರಿ. ಹಳ್ಳದಾಗ ಹೆಂಗ ಜಾಲಿಸ್ತಿದ್ರು, ಅದನ್ನ ಊಟಾ ಮಾಡ್ಕೋತ ಹೇಳ್ರಿ. ನಾ ಕೇಳ್ತೇನಿ."

ಜಾಫರಸಾಬರು ಮೊಣಕಾಲಿಗೆ ಕೈ ಊರಿ ಎದ್ದರು. ಆರಿಫಾ ಅವರಿಗಿಂತ ಮುಂದೆ ಒಳಗೆ ಓಡಿ, ದಸ್ತರಖಾನದ ಮೇಲೆ ಐದನೇ ತಾಟು ಇಟ್ಟಳು.